ತಾಯಿಯ ಸೀರೆಯ ನಾಲ್ಕು ಬೆರಳು

ಅವರು ಎಡಗೈಯಲ್ಲಿ ಕತ್ತರಿ ಹಿಡಿಯುತ್ತಿದ್ದರು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಹೋದ ತಿಂಗಳು, ಅವರು ತೀರಿಕೊಂಡ ಹದಿಮೂರನೆಯ ದಿನ, ಚಾಮರಾಜಪೇಟೆಯ ಅವರ ಮನೆಗೆ ಹೋಗಿದ್ದಾಗ ಮಾತಿನ ನಡುವೆ ಅದನ್ನೇ ಅಂದೆ. ಅವರ ತಂಗಿ ನನ್ನ ಮುಖ ನೋಡಿದರು.

"ಎಡಗೈಯಾ? ಯಾರು ಹೇಳಿದ್ರು ನಿಮಗೆ? ಅಕ್ಕ ಎಲ್ರ ಹಾಗೆ ಬಲಗೈಲೇ ಕತ್ತರಿಸ್ತಿದ್ದಳು."

ಯಾರೂ ಹೇಳಿರಲಿಲ್ಲ. ನಾನೇ ಕಂಡಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಎಡಗೈಯೇ ಕಾಣುತ್ತದೆ. ಮನೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಕಾರಣ ಹೊಳೆಯಿತು. ಗಂಡಸರನ್ನು ಅವರು ಹೊಲಿಗೆಯ ಕೋಣೆಗೆ ಬಿಡುತ್ತಿರಲಿಲ್ಲ. ನಾವು ಹೊರಗಿನ ಬೆಂಚಿನ ಮೇಲೆ ಕೂರಬೇಕಿತ್ತು. ಅಲ್ಲಿಂದ ಒಳಗಿನ ನಿಲುವುಗನ್ನಡಿ ಮಾತ್ರ ಕಾಣುತ್ತಿತ್ತು. ನಾನು ಅವರನ್ನು ನೋಡಿದ್ದೆಲ್ಲ ಕನ್ನಡಿಯಲ್ಲಿ.

ಹಾಗಾಗಿ ಮುಂದೆ ಬರೆಯುವುದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಅವರಿಗೆ ಹೆಸರಿತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಆ ಹೆಸರು ಹಿಡಿದು ನಾನು ಊರೆಲ್ಲ ಬೇಕಾದಷ್ಟು ಆಡಿದ್ದೇನೆ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು.

ಅಕ್ಕ ಹೊಲಿಯುತ್ತಿದ್ದದ್ದು ಮದುವೆಯ ಉಡುಪು. ಛತ್ರದ ಮದುವೆಯದ್ದಲ್ಲ. ಛತ್ರದ ಮದುವೆಗೆ ರೇಷ್ಮೆ ಸೀರೆ ಇದೆ, ಅಂಗಡಿ ಇದೆ, ಅಂಗಡಿಗೆ ಕರೆದೊಯ್ಯುವ ಸೋದರತ್ತೆಯರಿದ್ದಾರೆ. ಇದು ಯಾರೂ ಅಂಗಡಿಗೆ ಕರೆದೊಯ್ಯದ ಹೆಣ್ಣುಮಕ್ಕಳಿಗೆ. ಜಾತಿ ಬಿಟ್ಟು ಮದುವೆಯಾಗುವವರು, ಎರಡನೆಯ ಸಲ ಆಗುವವರು, ನಲವತ್ತು ದಾಟಿದವರು, ಮನೆಗೆ ಹೇಳದೆ ಆಗುವವರು. ರಿಜಿಸ್ಟ್ರಾರ್ ಕಚೇರಿಯ ಮರದ ಕುರ್ಚಿಯಲ್ಲಿ ಕೂತು ಸಹಿ ಹಾಕುವುದಕ್ಕೆ ಏನು ಉಡಬೇಕು ಎಂದು ಅವರಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅಕ್ಕನಿಗೆ ಗೊತ್ತಿರುತ್ತಿತ್ತು.

ಅದಕ್ಕೂ ಮೊದಲು ಅವರು ಗಾಂಧಿನಗರದಲ್ಲಿ ಸಿನಿಮಾದವರಿಗೆ ಹೊಲಿದವರು. "ಅಲ್ಲಿ ನೂರು ಮದುವೆ ಮಾಡ್ಸಿದೀನಪ್ಪ," ಎನ್ನುತ್ತಿದ್ದರು. "ಒಂದ್ರಲ್ಲೂ ಊಟ ಹಾಕ್ಲಿಲ್ಲ. ತಾಳಿ ಕಟ್ಟೋ ಹೊತ್ತಿಗೆ ಕಟ್ ಅಂತಾರೆ."

ನಾನು ಅವರನ್ನು ಕಂಡದ್ದು ತೊಂಬತ್ತರ ದಶಕದ ನಡುಭಾಗದಲ್ಲಿ. ಆಗಷ್ಟೇ ಎಂ.ಎ. ಮುಗಿಸಿ ಸಂಜೆ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ನಮ್ಮದೊಂದು ಸಣ್ಣ ಗುಂಪಿತ್ತು. ಸಂಪ್ರದಾಯವನ್ನೆಲ್ಲ ಪ್ರಶ್ನಿಸುವುದು ನಮ್ಮ ಕೆಲಸ ಎಂದುಕೊಂಡಿದ್ದೆವು. ನಿಜವಾಗಿ ನಾವು ಮಾಡುತ್ತಿದ್ದ ಉಪಯೋಗದ ಕೆಲಸ ಒಂದೇ, ಗೆಳೆಯರ ರಿಜಿಸ್ಟರ್ ಮದುವೆಗಳಿಗೆ ಸಾಕ್ಷಿ ಹಾಕುವುದು. ಜೋಡಿಯನ್ನು ಅಕ್ಕನ ಮನೆಗೆ ಕರೆದುಕೊಂಡು ಹೋಗುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ ಬರುತ್ತಿತ್ತು. ಬಸವನಗುಡಿಯ ನಮ್ಮ ಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದಿತ್ತು.

ಅವರು ಅಳತೆಗೆ ಟೇಪು ಬಳಸುತ್ತಿರಲಿಲ್ಲ. ಹತ್ತಿಯ ದಾರವೊಂದನ್ನು ಹುಡುಗಿಯ ಭುಜಕ್ಕೆ, ಎದೆಗೆ, ಸೊಂಟಕ್ಕೆ ಹಿಡಿದು ಒಂದೊಂದು ಗಂಟು ಹಾಕುತ್ತಿದ್ದರು. ಯಾಕೆ ಎಂದು ಕೇಳಿದ್ದೆ.

"ಟೇಪಲ್ಲಿ ನಂಬರ್ ಇರುತ್ತೆ. ನಂಬರ್ ಕೇಳಿದ್ರೆ ಹುಡುಗೀರು ಹೊಟ್ಟೆ ಒಳಗೆಳ್ಕೋತಾರೆ. ಆಮೇಲೆ ಮದುವೆ ದಿನ ಉಸಿರು ಬಿಟ್ರೆ ಗುಂಡಿ ಕಿತ್ತು ರಿಜಿಸ್ಟ್ರಾರ್ ಕಣ್ಣಿಗೆ ಬೀಳುತ್ತೆ."

ಅವರು ಹೊಲಿದ ಎಲ್ಲ ಉಡುಪಿಗೂ ಜೇಬು ಇರುತ್ತಿತ್ತು. ಬ್ಯಾಂಕಿನಲ್ಲಿದ್ದ ನಲವತ್ತಾರರ ಹೆಂಗಸೊಬ್ಬರು, ಹೆಂಡತಿ ತೀರಿಕೊಂಡಿದ್ದ ತಮ್ಮ ಸಹೋದ್ಯೋಗಿಯನ್ನು ಮದುವೆಯಾಗುವವರು, ಜೇಬು ಬೇಡವೆಂದರಂತೆ. "ಫೋಟೋ ಯಾರು ಇಟ್ಕೋತಾರೆ? ಪೆನ್ನು? ಕನ್ನಡಕ? ಎಲ್ಲಾನೂ ಗಂಡನ ಕೈಗೆ ಕೊಡ್ತೀರಾ? ಮೊದಲನೇ ದಿನಾನೇ?" ಎಂದು ಅಕ್ಕ ಕೇಳಿದರು. ಅವರಿಗೆ ಗಿಣಿಹಸಿರು ಖಾದಿಯ ಉದ್ದ ಅಂಗಿ ಹೊಲಿದು, ಎರಡು ಜೇಬು ಇಟ್ಟು ಕಳಿಸಿದರು. ಪೋಲಿಯೋ ಆಗಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದ ಹುಡುಗಿಗೆ ನೆರಿಗೆ ಹಿಡಿದೇ ಹೊಲಿದ ಸೀರೆ ಮಾಡಿಕೊಟ್ಟರು. ಪಟ್ಟಿಗೆ ಸಿಕ್ಕದ ಹಾಗೆ ಒಂದು ಬದಿ ಮೂರು ಬೆರಳು ಮೇಲಿತ್ತು, ನಿಂತರೆ ಮಾತ್ರ ಸಮನಾಗಿ ಕಾಣುತ್ತಿತ್ತು. ವಿಧವೆಯೊಬ್ಬಳು ಹತ್ತು ವರ್ಷ ಬಿಳಿ ಉಟ್ಟು, ಮರುಮದುವೆಗೂ ಬಿಳಿಯೇ ಬೇಕೆಂದು ಹಟ ಹಿಡಿದಳು. ನಾವು ಅದು ಸರಿಯಲ್ಲ ಎಂದು ಅವಳಿಗೆ ಉಪನ್ಯಾಸ ಕೊಟ್ಟೆವು. ಅಕ್ಕ ನಮ್ಮನ್ನು ಬೆಂಚಿಗೆ ಕಳಿಸಿ, ಬಿಳಿಯ ಮೇಲೆ ಬಿಳಿ ದಾರದಲ್ಲಿ ಮೈತುಂಬ ಮಲ್ಲಿಗೆ ಮೊಗ್ಗು ಹಾಕಿದರು. ಹತ್ತಿರ ಹೋದರಷ್ಟೇ ಕಾಣುತ್ತಿತ್ತು. "ಯಾರು ಹತ್ರ ಬರ್ತಾರೋ ಅವರಿಗೆ ಕಂಡ್ರೆ ಸಾಕು," ಎಂದರು.

ಒಳಪದರಕ್ಕೆ ತರಗುಪೇಟೆಯಿಂದ ಮೈದಾ ಚೀಲ ತರುತ್ತಿದ್ದರು. ಹತ್ತು ಸಲ ಒಗೆದರೆ ಅದರಷ್ಟು ಮೆತ್ತಗಿನ ಬಟ್ಟೆ ಇಲ್ಲ ಎನ್ನುವುದು ಅವರ ವಾದ. ಒಬ್ಬಳ ಅಂಗಿಯ ಒಳಗೆ ಬೆನ್ನಿನ ಮೇಲೆ ಚೀಲದ ತೂಕದ ಅಚ್ಚು ಹಾಗೇ ಉಳಿದುಬಿಟ್ಟಿತ್ತು. ಅದು ಗೊತ್ತಿದ್ದ ಆ ಹುಡುಗಿ ಸಹಿ ಹಾಕುವಾಗಲೂ ನಗುತ್ತಲೇ ಇದ್ದಳು. ಅಧಿಕಾರಿ ಪೆನ್ನು ಕೆಳಗಿಟ್ಟು, "ಏನಮ್ಮ, ಬಲವಂತ ಏನೂ ಇಲ್ಲ ತಾನೆ?" ಎಂದು ಕೇಳಿದರು.

ಇಷ್ಟೂ ನನಗೆ ಪ್ರೀತಿಯಿಂದ ನೆನಪಿದೆ. ಆದರೆ ಇದನ್ನೆಲ್ಲ ಎಷ್ಟೋ ವರ್ಷ ಯಾರ ಮುಂದೆಯೂ ಹೇಳಲಿಲ್ಲ. ಅವರ ಬಗ್ಗೆ ನಾನು ಹೇಳುತ್ತಿದ್ದದ್ದು ಇನ್ನೊಂದೇ ಕಥೆ.

ಅಕ್ಕನಿಗೆ ಒಂದು ಪದ್ಧತಿಯಿತ್ತು. ಪ್ರತಿ ಉಡುಪಿನ ಕತ್ತಿನ ಹಿಂಭಾಗದಲ್ಲಿ, ಒಳಗಡೆ, ಹುಡುಗಿಯ ತಾಯಿ ಉಟ್ಟ ಸೀರೆಯ ನಾಲ್ಕು ಬೆರಳಗಲದ ತುಂಡು ಸೇರಿಸುತ್ತಿದ್ದರು. ಹೊಸ ಸೀರೆ ಆಗುವುದಿಲ್ಲ, ಉಟ್ಟು ಸವೆದದ್ದೇ ಬೇಕು. ಅದು ಸೇರದೆ ಉಡುಪನ್ನು ಕೈಗೆ ಕೊಡುತ್ತಿರಲಿಲ್ಲ. ತಾಯಿಯೇ ತಂದುಕೊಟ್ಟರೆ ಸರಿ. ತಾಯಿ ಸತ್ತಿದ್ದರೆ ಮನೆಯಲ್ಲಿ ಉಳಿದ ಸೀರೆ ನಡೆಯುತ್ತಿತ್ತು. ಮನೆಗೆ ಹೇಳದೆ ಮದುವೆಯಾಗುವ ಹುಡುಗಿಯರು ಎಲ್ಲಿಂದ ತರಬೇಕು? ಅವರು ಕೈ ಖಾಲಿ ತೋರಿಸಿದರೆ ಅಕ್ಕ, "ಆಗ್ಲಿ, ನೋಡೋಣ, ಮನೆ ಎಲ್ಲಿ ನಿಮ್ದು?" ಎನ್ನುತ್ತಿದ್ದರು. ಮದುವೆಯ ಹಿಂದಿನ ದಿನ ಹೋದರೆ ತುಂಡು ಇರುತ್ತಿತ್ತು.

"ಎಲ್ಲಿಂದ ತಂದ್ರಿ ಅಕ್ಕ?"

"ಸಿಕ್ತು."

"ಯಾರ ಸೀರೆ?"

"ನಿಮ್ಮಮ್ಮಂದೇ."

ಹುಡುಗಿಯರು ಅದನ್ನು ಮುಟ್ಟಿ ಮುಟ್ಟಿ ಅಳುತ್ತಿದ್ದರು. ನಾವು ಬೆಂಚಿನವರು ಕಣ್ಣಲ್ಲೇ ನಕ್ಕುಕೊಳ್ಳುತ್ತಿದ್ದೆವು. ಟ್ರಂಕಿನಲ್ಲಿರುವ ಯಾವುದೋ ಹಳೆಯ ಸೀರೆ ಹರಿದು, ಸಮಾಧಾನಕ್ಕೆ ಒಂದು ಸುಳ್ಳು ಸೇರಿಸಿ ಹೊಲಿಯುತ್ತಾರೆ ಎಂಬುದರಲ್ಲಿ ನಮಗೆ ಅನುಮಾನವೇ ಇರಲಿಲ್ಲ. ಅಮ್ಮಂದಿರ ಹಳೆಯ ಸೀರೆಗಳೆಲ್ಲ ಒಂದೇ ಥರ ಇರುತ್ತವಲ್ಲ. ಒಳ್ಳೆಯ ಸುಳ್ಳು ಎಂದು ನಾನು ಅದನ್ನು ಮೆಚ್ಚಿಕೊಂಡೂ ಇದ್ದೆ.

ಆಮೇಲೆ ನನ್ನದೇ ಸರದಿ ಬಂತು.

ವಿಶಾಖ ನನಗಿಂತ ಎರಡು ವರ್ಷ ಕಿರಿಯಳು, ವಿಶ್ವವಿದ್ಯಾಲಯದಲ್ಲಿ ಪರಿಚಯ. ವೈಯಾಲಿಕಾವಲ್‌ನಲ್ಲಿ ಮನೆ. ತಂದೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ತಾಯಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ದಲಿತರು, ಅವಳ ಅಜ್ಜನ ಕಾಲಕ್ಕೆ ಬೌದ್ಧರಾದವರು. ನಮ್ಮ ಮನೆಯಲ್ಲಿ ಆಗಲೂ ಅಮ್ಮ ಮಡಿ ಉಟ್ಟು ಅಡುಗೆ ಮಾಡುತ್ತಿದ್ದರು, ಅಪ್ಪ ನಿವೃತ್ತ ಮೇಷ್ಟ್ರು. ನಾನು ಮನೆಯಲ್ಲಿ ಏನೂ ಹೇಳಿರಲಿಲ್ಲ. ಮದುವೆಯಾದ ಮೇಲೆ ಹೇಳೋಣ, ಆಗ ಅವರಿಗೆ ಬೇರೆ ದಾರಿಯೇ ಇರುವುದಿಲ್ಲ ಎನ್ನುವುದು ನನ್ನ ಯೋಜನೆ. ನಿನ್ನ ಮನೆಯಲ್ಲೂ ಹೇಳಬೇಡ ಎಂದು ವಿಶಾಖಳಿಗೂ ನಾನೇ ಹೇಳಿದ್ದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ತಿಂಗಳ ಮೊದಲೇ ಅರ್ಜಿ ಕೊಟ್ಟಾಗಿತ್ತು. ಒಂದು ಗುರುವಾರ ಬೆಳಿಗ್ಗೆ ಎಂದು ದಿನವೂ ಗೊತ್ತಾಗಿತ್ತು.

ಅವಳ ಉಡುಪಿಗೆ ಅಕ್ಕ ಕಡುನೀಲಿ ಕೈಮಗ್ಗದ ಬಟ್ಟೆ ಆರಿಸಿದ್ದರು. ಮೊಣಕಾಲು ದಾಟುವ ನಿಲುವಂಗಿ, ಅಂಚಿಗೆ ಅರಳಿ ಎಲೆಗಳು. ಎಲೆಗಳನ್ನು ಅಚ್ಚು ಹಾಕಿರಲಿಲ್ಲ. ಒಂದೊಂದನ್ನೂ ಬೇರೆ ಬಟ್ಟೆಯಲ್ಲಿ ಕತ್ತರಿಸಿ ಕೂರಿಸುತ್ತಿದ್ದರು. "ಎರಡು ಎಲೆ ಒಂದೇ ಥರ ಇರಬಾರದು ಕಣೇ, ಮರದಲ್ಲಿ ಇರುತ್ತಾ?" ಎಂದು ವಿಶಾಖಳಿಗೆ ಹೇಳಿದ್ದು ಕೇಳಿಸಿತ್ತು.

ಆ ಗುರುವಾರಕ್ಕೆ ಎಂಟು ದಿನ ಇರುವಾಗ ನಮ್ಮ ಪಕ್ಕದ ಮನೆಗೆ ಅವಳ ಫೋನ್ ಬಂತು. "ಅಮ್ಮನಿಗೆ ಗೊತ್ತಾಗಿದೆ. ಗುರುವಾರ ಆಗಲ್ಲ. ನೀನು ಅಕ್ಕನ ಹತ್ರ ಹೋಗು," ಎಂದಳು. ಪಕ್ಕದ ಮನೆಯವರು ಅಲ್ಲೇ ಕೂತು ಹುರುಳಿಕಾಯಿ ಸೋಸುತ್ತಿದ್ದರು. ನಾನು "ಸರಿ" ಎಂದೆ. ಫೋನ್ ಇಟ್ಟಳು.

ಅಕ್ಕನ ಹತ್ತಿರ ಹೋಗು ಎಂದರೆ, ಯಾರು ಹೇಳಿದರೆಂದು ಅಲ್ಲಿ ಗೊತ್ತಾಗುತ್ತದೆ ಎಂದು ನಾನು ಅರ್ಥ ಮಾಡಿಕೊಂಡೆ. ಆವತ್ತು ಬೆಂಚಿನಲ್ಲಿ ಕೂರಲಿಲ್ಲ, ಸೀದಾ ಒಳಗೆ ಹೋದೆ. ನೀಲಿ ಅಂಗಿ ಮೇಜಿನ ಮೇಲೆ ಮಗುಚಿ ಬಿದ್ದಿತ್ತು. ಕತ್ತಿನ ಹತ್ತಿರ ಬಿಳಿಯ ತುಂಡೊಂದನ್ನು ಗುಂಡುಸೂಜಿಯಿಂದ ಸಿಕ್ಕಿಸಿದ್ದರು. ನರ್ಸುಗಳು ಡ್ಯೂಟಿಗೆ ಉಡುವ, ನೀಲಿ ಹಾಕಿ ಒಗೆದ ಬಿಳಿ ಸೀರೆ.

"ಅವರಮ್ಮನ ಮನೆಗೆ ಹೋಗಿದ್ರಾ?"

"ಹೋಗಿದ್ದೆ." ಅವರು ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ. "ಕೇಳಿ ಇಸ್ಕೊಂಡು ಬಂದೆ."

"ಅಂದ್ರೆ, ಇಷ್ಟು ದಿನ ಎಲ್ಲಾರ ಮನೆಗೂ ಹೋಗ್ತಿದ್ರಾ ನೀವು?"

"ಹೋಗ್ದೆ ಎಲ್ಲಿ ಸಿಗುತ್ತೆ? ಕದಿಯಕ್ಕಾಗುತ್ತಾ? ತಾಯಂದ್ರು ಬೈತಾರೆ, ಅಳ್ತಾರೆ. ಒಬ್ಬಾಕೆ ಚೊಂಬು ತಗೊಂಡು ಎಸೆದ್ಲು. ಕೊನೆಗೆ ಸೀರೆ ಹರಿದು ಕೊಟ್ಟಿದಾರೆ. ಕೊಟ್ಟೋರು ಯಾರೂ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ."

ನಾನು ನಿಂತಲ್ಲೇ ಲೆಕ್ಕ ಹಾಕಿದೆ. ನಾನು ಸಾಕ್ಷಿ ಹಾಕಿದ ಗುಟ್ಟಿನ ಮದುವೆಗಳೆಲ್ಲ ಹುಡುಗಿಯರ ತಾಯಂದಿರಿಗೆ ಮೊದಲೇ ಗೊತ್ತಿದ್ದವು. ನಾವು ಬೀಗಿದ್ದ ಬಂಡಾಯವೆಲ್ಲ ಅವರ ಅಡುಗೆಮನೆಗಳಿಂದ ಒಪ್ಪಿಗೆ ಪಡೆದುಕೊಂಡೇ ನಡೆದಿತ್ತು. ಅದಕ್ಕೇ ಹೆಚ್ಚು ಕೋಪ ಬಂತೋ, ವಿಶಾಖ ಕೈತಪ್ಪಿದ್ದಕ್ಕೆ ಬಂತೋ, ಈಗ ಬೇರೆ ಮಾಡಿ ಹೇಳಲಾರೆ.

"ನಿಮ್ಮನ್ನ ನಂಬಿದ್ವಲ್ಲ ಅಕ್ಕ," ಎಂದೆ. ಅದಾದ ಮೇಲೆ ಅಂದದ್ದು ಬರೆಯುವಂಥದ್ದಲ್ಲ. ಹುಡುಗಿಯರನ್ನು ಹಿಡಿದುಕೊಡುವವಳು ಎಂದೆ. ಮದುವೆಯಿಲ್ಲದವಳ ಹೊಟ್ಟೆಕಿಚ್ಚು ಎಂದೆ. ಅವರು ಏನೋ ಹೇಳುತ್ತಲೇ ಇದ್ದರು, ನಾನು ಅದರ ಮೇಲೆ ಮಾತಾಡುತ್ತಲೇ ಇದ್ದೆ. ಕೊನೆಗೆ ಅವರು ಎದ್ದು, "ತಾಯಿ ಕೊಡದೆ ಇರೋ ಬಟ್ಟೆ ನಾನು ಹೊಲಿಯಲ್ಲ ಕಣಪ್ಪ. ನನಗೆ ಬರಲ್ಲ," ಎಂದರು. ಅಷ್ಟು ನೆನಪಿದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಆ ಗುರುವಾರ ಮದುವೆಯಾಗಲಿಲ್ಲ. ವಿಶಾಖಳಿಂದ ಮತ್ತೆ ಫೋನ್ ಬರಲಿಲ್ಲ. ನಾನೂ ವೈಯಾಲಿಕಾವಲ್ ಕಡೆ ಹೋಗಲಿಲ್ಲ, ಹೋದರೆ ಅವಳಿಗೇ ತೊಂದರೆ ಎಂದುಕೊಂಡೆ. ವರ್ಷವೊಂದರಲ್ಲಿ ಅವಳು ಕೆಲಸ ಸಿಕ್ಕಿ ಬೇರೆ ಊರಿಗೆ ಹೋದಳೆಂದು ಕೇಳಿದೆ. ಆದರೆ ಅಕ್ಕನ ವಿಷಯದಲ್ಲಿ ನಾನು ಸುಮ್ಮನಿರಲಿಲ್ಲ. ಗುಂಪಿನ ಒಬ್ಬೊಬ್ಬರಿಗೂ ಹೇಳಿದೆ. ಅವರು ಇನ್ನೊಬ್ಬರಿಗೆ ಹೇಳಿದರು. ಕಾಲೇಜಿನ ಕ್ಯಾಂಟೀನಿನಲ್ಲಿ ನನಗೆ ಪರಿಚಯವೇ ಇಲ್ಲದ ಹುಡುಗನೊಬ್ಬ ಇನ್ನೊಬ್ಬನಿಗೆ, "ಮಚ್ಚಾ, ಚಾಮರಾಜಪೇಟೆ ಅಕ್ಕನ ಹತ್ರ ಹೋಗ್ಬೇಡ, ಅವ್ರು ಇನ್‌ಫಾರ್ಮರ್ ಅಂತೆ," ಎನ್ನುವುದನ್ನು ಕೇಳಿದೆ. ಆ ಪದ ಮೊದಲು ಬಳಸಿದವನು ನಾನೇ. ಕೇಳಿ ನನಗೆ ಸಮಾಧಾನವಾಯಿತು.

ಹುಡುಗಿಯರು ಬರುವುದು ನಿಂತಿತು. ಎರಡು ವರ್ಷದ ಮೇಲೆ ಆ ರಸ್ತೆಯಲ್ಲಿ ಹಾದುಹೋಗುವಾಗ ಕಿಟಕಿಯ ಪಕ್ಕ ಬೋರ್ಡು ನೋಡಿದೆ, 'ಇಲ್ಲಿ ಫಾಲ್ ಮತ್ತು ಪೀಕೋ ಮಾಡಿಕೊಡಲಾಗುವುದು'. ಛತ್ರದ ಮದುವೆಗಳಿಗೆ ಹೋಗುವವರ ಸೀರೆಗಳ ಅಂಚು ಹೊಲಿಯುವ ಕೆಲಸ. ಒಮ್ಮೆ ಗಾಂಧಿ ಬಜಾರಿನಲ್ಲಿ ಹೂವಿನವರ ಸಾಲಿನ ಹತ್ತಿರ ಎದುರಾದರು. "ಆರಾಮಾ?" ಎಂದರು. ನಾನು ರಸ್ತೆ ದಾಟಿದೆ.

ನಾನು ಮದುವೆಯಾದದ್ದೂ ಹೇಳಬೇಕು. ಅಪ್ಪ ಅಮ್ಮ ನೋಡಿದ ಹುಡುಗಿ, ಬಸವನಗುಡಿಯ ಛತ್ರ. ಕಾಶಿಯಾತ್ರೆಗೆ ಕೊಡೆ ಹಿಡಿದು ಹೊರಟು, ಮಾವನವರು ಕರೆದಾಗ ತಿರುಗಿಯೂ ಬಂದೆ. ಯಾರಾದರೂ ಹಳೆಯ ಗೆಳೆಯರು ಅದನ್ನೆತ್ತಿ ಚುಚ್ಚಿದರೆ ನನ್ನ ಬಳಿ ಉತ್ತರ ಸಿದ್ಧವಿತ್ತು. "ನಾನು ತಯಾರಾಗೇ ಇದ್ದೆ ಗುರು, ಆ ಹೆಂಗಸು ಮೋಸ ಮಾಡಿದ್ಲು."

ಹೋದ ತಿಂಗಳು ಸಾಕ್ಷಿ ಗುಂಪಿನ ಹಳೆಯ ಗೆಳೆಯನೊಬ್ಬ ಫೋನ್ ಮಾಡಿ ಅಕ್ಕ ಹೋದರೆಂದು ತಿಳಿಸಿದ. "ಹದಿಮೂರನೇ ದಿನಕ್ಕೆ ಬರ್ತೀಯೇನೋ? ಬೇಡ ಅನ್ಸಿದ್ರೆ ಬಿಡು," ಎಂದ. ಹೋದೆ. ಯಾಕೆ ಹೋದೆನೋ. ಕೋಪ ಆರಿದೆಯೇ ಎಂದು ನೋಡಲು ಇರಬಹುದು.

ಹಾಲಿನ ತುಂಬ ಅವರ ಮದುವಣಗಿತ್ತಿಯರೇ ಇದ್ದರು. ಎಪ್ಪತ್ತು ದಾಟಿದ ಬ್ಯಾಂಕಿನ ಹೆಂಗಸು ಬಂದವರಿಗೆಲ್ಲ ಎಲೆ ಹಾಕಿಸುತ್ತಿದ್ದರು. ಯಾರೂ ನನ್ನನ್ನು ಮಾತಾಡಿಸಲಿಲ್ಲ, ಯಾರೂ ಹೋಗೆಂದೂ ಅನ್ನಲಿಲ್ಲ. ಎಡಗೈಯ ಮಾತು ಆಡಿ ಅವರ ತಂಗಿಯಿಂದ ತಿದ್ದಿಸಿಕೊಂಡದ್ದು ಆಗಲೇ. ತಂಗಿ ಒಳಗೆ ಹೋದರು. ಅವರ ಹಿಂದಿನ ಕುರ್ಚಿಯಲ್ಲಿ ವಿಶಾಖ ಕೂತಿದ್ದಳು.

ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಮೊದಲು ಅವಳೇ ಮಾತಾಡಿದಳು. "ಚೆನ್ನಾಗಿದೀರಾ?" ಎಂದಳು. ಆ ನೀವು ನನಗೆ ಹೊಸದು.

ಮಕ್ಕಳು, ಕೆಲಸ, ಊರು, ಅವರವರದು ಕೇಳಿ ಮುಗಿಯಿತು. ಬೆಂಗಳೂರಿಗೆ ಬಂದಾಗಲೆಲ್ಲ ಅಕ್ಕನನ್ನು ನೋಡಿಕೊಂಡು ಹೋಗುತ್ತಿದ್ದೆ ಎಂದಳು. ನನಗೆ ತಡೆಯಲಾಗಲಿಲ್ಲ.

"ಅವರು ನಮಗೆ ಹಾಗೆ ಮಾಡಿದ ಮೇಲೂ?"

"ಹಾಗೆ ಅಂದ್ರೆ?"

"ನಿಮ್ಮಮ್ಮನಿಗೆ ಹೇಳಿ ಮದುವೆ ನಿಲ್ಲಿಸಿದ್ದು."

ವಿಶಾಖ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು. "ಅಮ್ಮ ಮದುವೆ ನಿಲ್ಲಿಸಲಿಲ್ಲ. ಗುರುವಾರ ಬೇಡ ಅಂದ್ರು, ಅಷ್ಟೇ. ಕದ್ದುಮುಚ್ಚಿ ಕೊಡೋಕೆ ನನ್ನ ಮಗಳು ಕದ್ದ ಮಾಲಲ್ಲ, ಹುಡುಗ ಅಪ್ಪ ಅಮ್ಮನ ಕರ್ಕೊಂಡು ಭಾನುವಾರ ನಮ್ಮನೆಗೆ ಊಟಕ್ಕೆ ಬರಲಿ ಅಂದ್ರು. ಅವರು ಬರದಿದ್ರೆ ಒಬ್ಬನೇ ಬರಲಿ, ಪರವಾಗಿಲ್ಲ ಅಂದ್ರು. ಸೀರೆ ಹರಿದು ಕೊಟ್ಟಿದ್ದೇ ಅದಕ್ಕೆ. ಅಕ್ಕನ ಕೈಲಿ ನಿಮಗೆ ಹೇಳಿ ಕಳಿಸಿದ್ರು. ನಾನು ಕರೀಕೂಡದು, ನೀವೇ ಬರಬೇಕು ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ರು."

ನಾನು ಬಾಗಿಲ ಕಡೆ ನೋಡಿದೆ.

"ಅಮ್ಮ ಸಾಯಂಕಾಲ ನಾಲ್ಕು ಗಂಟೆವರೆಗೂ ಯಾರಿಗೂ ಬಡಿಸಲಿಲ್ಲ," ಎಂದಳು. ಆಮೇಲೆ ಕೇಳಿದಳು. "ನಾನು ಅಕ್ಕನನ್ನ ಇದನ್ನ ಯಾವತ್ತೂ ಕೇಳಲಿಲ್ಲ. ಅವರು ನಿಮಗೆ ಹೇಳಲಿಲ್ವಾ?"

ಇಷ್ಟು ವರ್ಷ ಎಲ್ಲವನ್ನೂ ಅನುಮಾನಿಸಿದವನು ನಾನು. ದೇವರನ್ನು, ಪುಸ್ತಕಗಳನ್ನು, ಹತ್ತು ನಿಮಿಷದ ಹಿಂದಷ್ಟೇ ನನ್ನ ಕಣ್ಣನ್ನು. ನೆನಪಿಲ್ಲ ಎಂದಿದ್ದರೆ ಸಾಕಿತ್ತು, ಅದು ನಿಜವೂ ಆಗುತ್ತಿತ್ತು. ನಾನು ತಡವರಿಸದೆ ಹೇಳಿದೆ.

"ಇಲ್ಲ. ಹೇಳಲಿಲ್ಲ."

ವಿಶಾಖ ಅಕ್ಕನ ಪಟದ ಕಡೆ ತಿರುಗಿದಳು. ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡದ್ದು ಕಂಡಿತು. "ಹೌದಾ," ಎಂದಳು. ಊಟಕ್ಕೆ ಕರೆದರೂ ಕೂರಲಿಲ್ಲ. ಅವರ ತಂಗಿಗೆ ಕೈಮುಗಿದು ಹೊರಟುಹೋದಳು. ನಾನು ಎಲೆಯ ಮುಂದೆ ಕೂತು ಪಾಯಸದವರೆಗೂ ಉಂಡೆ.

ಆ ಉತ್ತರವನ್ನು ವಾಪಸು ತೆಗೆದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ವಿಶಾಖಳ ವಿಳಾಸ ಕೇಳುವ ಧೈರ್ಯ ಬಂದಿಲ್ಲ. ಅಚ್ಚಾದರೆ ಓದಬಹುದು. ಅಕ್ಕ ನನಗೆ ಹೇಳಿದರೇ ಎಂದು ಈ ತಿಂಗಳೆಲ್ಲ ಯೋಚಿಸಿದ್ದೇನೆ. ಆವತ್ತು ನಾನು ಕೂಗಾಡುವಾಗ ಅವರ ತುಟಿ ಆಡುತ್ತಿದ್ದದ್ದು ಕಾಣುತ್ತದೆ, ದನಿ ಕೇಳುವುದಿಲ್ಲ. 'ಭಾನುವಾರ' ಎಂಬ ಮಾತನ್ನು ಅವರ ಬಾಯಿಗೆ ಇಟ್ಟು ನೋಡಿದರೆ ಸರಿಯಾಗಿ ಕೂರುತ್ತದೆ. ಆದರೆ ಈಗ ಗೊತ್ತಿರುವ ಯಾವ ಮಾತನ್ನಿಟ್ಟರೂ ಕೂತೀತು. ಅದು ಸಾಕ್ಷಿಯಾಗುವುದಿಲ್ಲ.

ಬೇರೊಂದು ಮಾತ್ರ ಇದೆ. ಆ ದಿನಗಳ ಒಂದು ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಏನೂ ನಡೆಯದ ದಿನ ಯಾಕೆ ಇಷ್ಟು ಸ್ಪಷ್ಟವಾಗಿ ಉಳಿದಿದೆ ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ. ಬೆಳಿಗ್ಗೆ ಬೇಗ ಸ್ನಾನ ಮಾಡಿದ್ದೆ. ಬಿಳಿ ಅಂಗಿಗೆ ಇಸ್ತ್ರಿ ಹಾಕಿದ್ದೆ, ಕಾಲರಿಗೆ ಎರಡು ಸಲ. ಅಡುಗೆಮನೆಯಲ್ಲಿ ಅಮ್ಮ ಹುಳಿಗೆ ಒಗ್ಗರಣೆ ಹಾಕುತ್ತಿದ್ದರು. ನಾನು ಹಜಾರದಲ್ಲಿ, ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಹತ್ತಿರ ಎಷ್ಟೋ ಹೊತ್ತು ನಿಂತಿದ್ದೆ. ಜಗಲಿಯಲ್ಲಿ ಕೂತಿದ್ದ ಅಪ್ಪ ಪೇಪರು ಇಳಿಸಿ ನನ್ನನ್ನು ನೋಡಿದರು.

"ಎಲ್ಲಿಗೋ ಹೊರಟ ಹಾಗಿದೆ?"

"ಎಲ್ಲೂ ಇಲ್ಲಪ್ಪ," ಎಂದೆ. ಒಳಗೆ ಹೋಗಿ ಅಂಗಿ ಬಿಚ್ಚಿದೆ.